ನೋಡುವ ಹಕ್ಕು

ನಮ್ಮ ಶಹಾಪುರದ ಬಸ್ ನಿಲ್ದಾಣದಲ್ಲಿ ಏಪ್ರಿಲ್ ತಿಂಗಳು ಬಂತೆಂದರೆ ಎರಡು ಬಗೆಯ ಮಕ್ಕಳು ಕಾಣಸಿಗುತ್ತಾರೆ. ಬೆಳಗಿನ ಜಾವ ಬೆಂಗಳೂರಿನ ಬಸ್ಸಿನಿಂದ ಕಣ್ಣುಜ್ಜಿಕೊಳ್ಳುತ್ತ ಇಳಿಯುವವರು ಒಂದು ಬಗೆ. ಅವರು ರಜೆಗೆಂದು ಅಜ್ಜ ಅಜ್ಜಿಯರ ಮನೆಗೆ ಬಂದವರು. ಸಂಜೆ ಬೆಂಗಳೂರಿಗೆ ಹೊರಡುವ ಬಸ್ಸಿಗೆ ಚೀಲ, ಕೊಡ, ಹಾಸಿಗೆಯ ಗಂಟುಗಳ ನಡುವೆ ಹತ್ತುವವರು ಇನ್ನೊಂದು ಬಗೆ. ಅವರ ತಂದೆ ತಾಯಿ ಸುಗ್ಗಿ ಮುಗಿಯುತ್ತಲೇ ಗುಳೆ ಹೋಗಿ ಅಲ್ಲಿ ಕಟ್ಟಡದ ಕೆಲಸದಲ್ಲಿರುತ್ತಾರೆ. ಪರೀಕ್ಷೆ ಮುಗಿಯುವವರೆಗೆ ಅಜ್ಜಿಯ ಬಳಿ ಉಳಿದಿದ್ದ ಮಕ್ಕಳು ಈಗ ತಾವೂ ಹೊರಟಿರುತ್ತಾರೆ. ಅವರ ಶಾಲೆಯ ಹಾಜರಿ ಪುಸ್ತಕದಲ್ಲಿ ಅದಕ್ಕೂ ಬೇಸಿಗೆ ರಜೆ ಎಂದೇ ಹೆಸರು.

ಒಂದು ಬೇಸಿಗೆಯಲ್ಲಿ ಈ ಎರಡೂ ಬಗೆಯ ಮಕ್ಕಳು ನನ್ನ ಪಾಲಿಗೆ ಒಟ್ಟಿಗೆ ಬಂದರು. ಮಗಳ ಮಗಳು, ಆರನೆಯ ತರಗತಿಯವಳು, ಬೆಂಗಳೂರಿನಿಂದ ಬಂದಿದ್ದಳು. ಅವಳ ಶಾಲೆಯವರು ರಜೆಯ ಕೆಲಸ ಕೊಟ್ಟಿದ್ದರು. ಹೋದ ಊರಿನ ಹತ್ತಿರದ ಒಂದು ಕಲೆಯ ಅಥವಾ ವಿಜ್ಞಾನದ ವಸ್ತುಸಂಗ್ರಹಾಲಯವನ್ನು ನೋಡಿ ಬಂದು ಎರಡು ಪುಟ ಬರೆಯಬೇಕು, ಚಿತ್ರ ಅಂಟಿಸಬೇಕು. ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನವಂತೆ, ಅದರ ಬಗ್ಗೆಯೂ ನಾಲ್ಕು ಸಾಲು. ಇನ್ನೊಬ್ಬ, ನಮ್ಮ ಓಣಿಯ ಹುಡುಗ, ಏಳನೆಯ ತರಗತಿ ಮುಗಿಸಿದವನು. ಅವನ ಅಪ್ಪ ಅವ್ವ ಬೆಂಗಳೂರಿನಲ್ಲಿದ್ದರು. ಕರೆದುಕೊಂಡು ಹೋಗಲು ಕಾಕಾ ಬರುವುದು ಹದಿನೈದು ದಿನ ತಡವಾಗಿತ್ತು. ಅವನು ನಮ್ಮ ಕಟ್ಟೆಯ ಮೇಲೆ ಕುಳಿತು ಮೊಮ್ಮಗಳ ಬಣ್ಣದ ಪೆನ್ಸಿಲುಗಳನ್ನು ಎಣಿಸುತ್ತಿದ್ದ. ಇಬ್ಬರನ್ನೂ ಕರೆದುಕೊಂಡು ಕಲಬುರಗಿಗೆ ಹೊರಟೆ. ನಾನು ನಿವೃತ್ತ ಮಾಸ್ತರ. ನಿವೃತ್ತರಿಗೆ ಬಿಸಿಲು ಕಡಿಮೆ ತಾಗುತ್ತದೆಂದು ಮನೆಯವರ ನಂಬಿಕೆ.

ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ 1984ರಷ್ಟು ಹಳೆಯದು, ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಕವಲು. ಅಲ್ಲಿ 'ಮುಟ್ಟಬೇಡಿ' ಎಂಬ ಮಾತಿಗಿಂತ 'ತಿರುಗಿಸಿ ನೋಡಿ' ಎಂಬ ಮಾತು ಹೆಚ್ಚು. ಉಬ್ಬುಗನ್ನಡಿ ತಗ್ಗುಗನ್ನಡಿಗಳ ಮುಂದೆ ಇಬ್ಬರೂ ನಕ್ಕರು. ರಾಟೆ ಮತ್ತು ಸನ್ನೆಗೋಲಿನ ಮುಂದೆ ಮೊಮ್ಮಗಳು ಫಲಕ ಓದತೊಡಗಿದಳು. ಹುಡುಗ ಓದಲಿಲ್ಲ. ಅವನಿಗೆ ಆಗಲೇ ಗೊತ್ತಿತ್ತು. "ನಮ್ಮಪ್ಪ ಹಿಂಗೇ ಮ್ಯಾಲ ಸಿಮೆಂಟ್ ಎಳಿತಾನ್ರಿ ಸರ. ಎರಡು ರಾಟಿ ಹಾಕಿದ್ರ ಹಗುರಾಗ್ತದ" ಎಂದ. ಫಲಕದಲ್ಲಿ ಬರೆದದ್ದೂ ಅದನ್ನೇ, ನಾಲ್ಕು ಸಾಲು ಉದ್ದ ಮಾಡಿ.

ಆಮೇಲೆ ಮೊಮ್ಮಗಳು ತಾನು ಬೆಂಗಳೂರಿನಲ್ಲಿ ಇದಕ್ಕಿಂತ ದೊಡ್ಡದನ್ನು ನೋಡಿದ್ದೇನೆ, ಅಲ್ಲಿ ಹೊರಗೆ ವಿಮಾನವೇ ಇದೆ ಎಂದು ಹೇಳಿಕೊಂಡಳು. ಹುಡುಗ ತಟ್ಟನೆ ಹೇಳಿದ: "ನಾನೂ ನೋಡೀನಿ. ಹೊರಗಿಂದ." ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅವನ ಅಪ್ಪ ಕಸ್ತೂರಬಾ ರಸ್ತೆಯ ಬದಿಯಲ್ಲಿ ಕೇಬಲ್ ಹಾಕುವ ಗುಂಡಿ ತೋಡುತ್ತಿದ್ದನಂತೆ. ವಿಮಾನ ನೋಡುತ್ತ ಇವನು ಐದಾರು ದಿನ ಅಲ್ಲಿಯೇ ಕುಳಿತಿದ್ದ. ಅದೇ ಸಾಲಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡವೂ ಅವನಿಗೆ ನೆನಪಿತ್ತು. 1865ರಲ್ಲಿ ಶುರುವಾದ ಸಂಸ್ಥೆ ಅದು. ಪಕ್ಕದಲ್ಲೇ ಚಿತ್ರಕಾರ ವೆಂಕಟಪ್ಪನವರ ಹೆಸರಿನ ಕಲಾ ಗ್ಯಾಲರಿ. ನಮ್ಮ ರಾಜ್ಯದಲ್ಲಿ ಕಲೆ, ವಿಜ್ಞಾನ, ಇತಿಹಾಸ ಮೂರನ್ನೂ ಒಂದೇ ರಸ್ತೆಯಲ್ಲಿ ನೋಡಬಹುದಾದ ಜಾಗವೆಂದರೆ ಅದು. ಹುಡುಗ ಅದರ ಎದುರಿಗೇ ಇದ್ದ.

"ಒಳಗ ಯಾಕ ಹೋಗಲಿಲ್ಲೋ? ಯಾರರ ಬ್ಯಾಡ ಅಂದ್ರೇನು?" ಎಂದು ಕೇಳಿದೆ.

"ಇಲ್ರಿ. ಯಾರೂ ಅನಲಿಲ್ಲ. ಅದು ನಮಗಲ್ಲ ಅನಕೊಂಡೆ."

ಬೇಲಿ ಹಾಕಿ ತಡೆದಿದ್ದರೆ ಸಿಟ್ಟು ಮಾಡಬಹುದಿತ್ತು, ಅರ್ಜಿ ಬರೆಯಬಹುದಿತ್ತು. ಇಲ್ಲಿ ಬಾಗಿಲು ತೆರೆದೇ ಇತ್ತು. ಟಿಕೇಟು ಅಪ್ಪನ ಅರ್ಧ ದಿನದ ಕೂಲಿಯನ್ನೂ ನುಂಗುತ್ತಿರಲಿಲ್ಲ. ಆದರೂ ಆ ಬಾಗಿಲು ತನ್ನದಲ್ಲವೆಂದು ಹತ್ತು ವರ್ಷದ ಹುಡುಗನಿಗೆ ಯಾರೂ ಹೇಳದೆಯೇ ಗೊತ್ತಾಗಿತ್ತು. ಮೂವತ್ತು ವರ್ಷ ಪಾಠ ಮಾಡಿದ ನಾನು ನನ್ನ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆ, ಒಳಗೆ ಹೋಗಿ ನೋಡುವುದು ನಿಮ್ಮ ಹಕ್ಕು ಎಂದು? ನೆನಪಾಗಲಿಲ್ಲ. ಒಮ್ಮೆ ನಮ್ಮ ಶಾಲೆಗೆ ಸಂಚಾರಿ ವಿಜ್ಞಾನ ಪ್ರದರ್ಶನದ ಬಸ್ಸು ಬಂದಿತ್ತು. ದೇಶದಲ್ಲಿ ಇಂಥ ಬಸ್ಸುಗಳನ್ನು 1965ರಲ್ಲಿ ಕಲ್ಕತ್ತೆಯ ಬಿರ್ಲಾ ವಸ್ತುಸಂಗ್ರಹಾಲಯದವರು ಶುರು ಮಾಡಿದರು. ಅಂದು ಮಕ್ಕಳು ಮಧ್ಯಾಹ್ನದ ಊಟಕ್ಕೂ ಕದಲಲಿಲ್ಲ. ಆ ಬಸ್ಸು ಹೋದ ಮೇಲೆ ನಾವು ಶಿಕ್ಷಕರು ಮಾಡಿದ ಕೆಲಸವೆಂದರೆ ವರದಿ ಬರೆದು ಕಳಿಸಿದ್ದು.

ಊಟವಾದ ಮೇಲೆ ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅದು ಇರುವುದು ಬಹಮನಿ ಕಾಲದ ಎರಡು ಗುಮ್ಮಟಗಳಲ್ಲಿ. ಗೋಡೆ ದಪ್ಪ, ಹೊರಗಿನ ಉರಿಗೆ ಒಳಗೆ ತಣ್ಣಗಿರುತ್ತದೆ. ಯಾರದೋ ಗೋರಿಗೆಂದು ಕಟ್ಟಿದ ಆ ಗುಮ್ಮಟದ ಕೆಳಗೆ ಈಗ ಭೀಮಾ ತೀರದ ಸನ್ನತಿಯಿಂದ ಬಂದ ಬೌದ್ಧ ಶಿಲ್ಪಗಳಿವೆ, ವೀರಗಲ್ಲುಗಳಿವೆ, ದೇವರ ಮೂರ್ತಿಗಳಿವೆ. ಮೊಮ್ಮಗಳು ತಲೆಯೆತ್ತಿ ಗುಮ್ಮಟ ನೋಡಿದಳು, ತಲೆ ತಗ್ಗಿಸಿ ಶಿಲ್ಪ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಕಿವಿಯ ಬಳಿ ಕೇಳಿದಳು: "ನಾನಾ, ಇದರಲ್ಲಿ ಯಾವುದು ನಮ್ಮದು?"

ಆ ಪ್ರಶ್ನೆ ಅವಳ ಶಾಲೆಯ ಹಾಳೆಯಲ್ಲಿ ಇರಲಿಲ್ಲ. ಅವಳಿಗೆ ಎಲ್ಲಿಂದ ಬಂತೆಂದು ನಾನು ವಿಚಾರಿಸಲಿಲ್ಲ. ಇಂದು ಗಾಳಿಯಲ್ಲೇ ಆ ಪ್ರಶ್ನೆ ಇದೆ. ಹಳೆಯ ಕಲ್ಲೊಂದು ಕಂಡರೆ ಅದು ಏನು, ಹೇಗೆ ಮಾಡಿದರು, ಯಾವ ಉಳಿ ಹಿಡಿದರು ಎಂದು ಕೇಳುವ ಮೊದಲೇ ಅದು ಯಾರದು ಎಂದು ಕೇಳುತ್ತೇವೆ. ನಮ್ಮದಾದರೆ ಹೆಮ್ಮೆ, ಅವರದಾದರೆ ತಾತ್ಸಾರ. ಎರಡರಲ್ಲೂ ಕಲ್ಲನ್ನು ನೋಡುವುದು ಮಾತ್ರ ಇರುವುದಿಲ್ಲ.

ಅಂದೇ ಅಂಗಳದಲ್ಲಿ ಒಬ್ಬ ಕಾಲೇಜು ಹುಡುಗ ಮಾತಿಗೆ ಸಿಕ್ಕ. ಒಳ್ಳೆಯ ಹುಡುಗ, ತನ್ನ ಬಾಟಲಿಯ ನೀರನ್ನು ಮಕ್ಕಳಿಗೆ ಕುಡಿಯಲು ಕೊಟ್ಟ. "ಸರ್, ಈ ಗುಮ್ಮಟ ಕಟ್ಟೋಕ್ಕಿಂತ ಮೊದಲು ಇಲ್ಲಿ ಏನಿತ್ತು?" ಎಂದು ಕೇಳಿದ. ಒಳಗಿರುವುದನ್ನು ಅವನು ಐದು ನಿಮಿಷದಲ್ಲಿ ನೋಡಿ ಮುಗಿಸಿದ್ದ. ಕೆಳಗೆ ಏನಿತ್ತೆಂಬುದರ ಮೇಲೇ ಅವನ ಮನಸ್ಸು. ಶಹಾಪುರಕ್ಕೆ ಮರಳಿದ ಮೇಲೆ ನನ್ನ ಹೆಂಡತಿಯ ಅಣ್ಣ, ಐದು ಹೊತ್ತಿನ ನಮಾಜಿ, ನನ್ನನ್ನು ತರಾಟೆಗೆ ತೆಗೆದುಕೊಂಡರು. "ಮಾಸ್ತರ್, ಬಚ್ಚಿಗೆ ಬುತ್ ತೋರಿಸಾಕ ಅಷ್ಟು ದೂರ ಕರ್ಕೊಂಡು ಹೋಗಿದ್ರೇನು?" ಆ ಹುಡುಗನೂ ನಮ್ಮ ಭಾಯಿಜಾನೂ ಎದುರೆದುರು ಕುಳಿತರೆ ಜಗಳವಾಡಿಯಾರು. ನನಗೆ ಮಾತ್ರ ಇಬ್ಬರೂ ಒಂದೇ ಕಡೆ ನಿಂತಂತೆ ಕಂಡರು. ಇಬ್ಬರೂ ನೋಡಲು ಒಲ್ಲೆನ್ನುತ್ತಿದ್ದರು.

ಭಾಯಿಜಾನರಿಗೆ ನಾನು ಹೇಳಿದ್ದು ಇಷ್ಟೇ. ನೋಡುವುದು ಆರಾಧನೆಯಲ್ಲ. ಭೂಮಿಯ ಮೇಲೆ ತಿರುಗಾಡಿ ಸೃಷ್ಟಿ ಹೇಗೆ ಶುರುವಾಯಿತು, ಮೊದಲಿದ್ದ ಜನಾಂಗಗಳ ಗತಿ ಏನಾಯಿತು ಎಂದು ಕಾಣಿರೆಂದು ಕುರ್‌ಆನ್ ಒಂದಲ್ಲ, ಹಲವು ಕಡೆ ಹೇಳುತ್ತದೆ. ಕಣ್ಣು ಮುಚ್ಚಿಕೊಂಡು ತಿರುಗಾಡಿ ಎಂದು ಎಲ್ಲಿಯೂ ಹೇಳಿಲ್ಲ. ಇನ್ನೊಂದು ಮಾತು. ಹನ್ನೊಂದನೆಯ ಶತಮಾನದಲ್ಲಿ ಘಜ್ನಿಯ ಮಹಮೂದ್ ಈ ದೇಶಕ್ಕೆ ಬಂದು ಹೋದ ಕಾಲದಲ್ಲೇ ಅಲ್ ಬಿರೂನಿಯೂ ಇದ್ದ. ಒಬ್ಬ ಹೊತ್ತುಕೊಂಡು ಹೋದ. ಇನ್ನೊಬ್ಬ ಸಂಸ್ಕೃತ ಕಲಿತು, ಇಲ್ಲಿಯವರ ಖಗೋಳ, ಗಣಿತ, ಧರ್ಮಗಳನ್ನು ಕೇಳಿ, 1030ರ ಸುಮಾರಿಗೆ ದೊಡ್ಡ ಗ್ರಂಥ ಬರೆದ. ಇದು ವಾದ ಹೂಡುವ ಪುಸ್ತಕವಲ್ಲ, ಅವರು ಏನು ನಂಬುತ್ತಾರೋ ಅದನ್ನು ಇದ್ದಂತೆ ಇಡುತ್ತೇನೆಂದು ಮೊದಲಿಗೇ ಹೇಳಿಕೊಂಡ. ಅಷ್ಟರಿಂದ ಅವನ ಈಮಾನಿಗೆ ಕುಂದೇನೂ ಬರಲಿಲ್ಲ. ಭಾಯಿಜಾನ್ ಒಪ್ಪಿದರೆಂದು ಹೇಳಲಾರೆ. ಚಹಾ ಕುಡಿದು, "ಮುಂದಿನ ಸಲ ನನಗೂ ಹೇಳ್ರಿ, ನೋಡೋಣ" ಎಂದು ಎದ್ದರು. ನೋಡೋಣ ಎಂದರಲ್ಲ, ಅಷ್ಟು ಸಾಕು.

ಯಾವುದು ನಮ್ಮದು ಎಂಬ ಪ್ರಶ್ನೆಗೆ ನಮ್ಮ ಸೀಮೆ ಕೊಡುವ ಉತ್ತರಗಳು ವಿಚಿತ್ರವಾಗಿವೆ. ಸನ್ನತಿಯದೇ ಕಥೆ ನೋಡಿ. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಛಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲುಚಪ್ಪಡಿ ಹೊರಬಿತ್ತು. ಅದರ ಎರಡೂ ಮುಖಗಳ ಮೇಲೆ ಅಶೋಕನ ಶಾಸನಗಳಿದ್ದವು. ಮೂರ್ತಿಯನ್ನು ಕೂರಿಸಲೆಂದು ಯಾವುದೋ ಕಾಲದಲ್ಲಿ ಯಾರೋ ಆ ಚಪ್ಪಡಿಯ ನಡುವೆ ರಂಧ್ರ ಕೊರೆದಿದ್ದರು. ಅಷ್ಟು ಅಕ್ಷರಗಳು ಹೋದವು. ಆ ಚಪ್ಪಡಿಯ ಮೇಲಿರುವ ಶಾಸನಗಳಲ್ಲಿ ಹನ್ನೆರಡನೆಯ ಶಿಲಾಶಾಸನವೂ ಒಂದು. ಅದರ ವಿಷಯ: ತನ್ನ ಪಂಥವನ್ನು ಹೊಗಳುವ ಭರದಲ್ಲಿ ಇನ್ನೊಬ್ಬರ ಪಂಥವನ್ನು ಹಳಿಯಬಾರದು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕು.

ರಂಧ್ರ ಕೊರೆದವನು ತಪ್ಪು ಮಾಡಿದನೇ? ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಬ್ರಾಹ್ಮಿ ಲಿಪಿಯನ್ನು ಓದುವವರು ದೇಶದಲ್ಲೇ ಇಲ್ಲದ ಕಾಲ ಅದು. ಅವನ ಕಣ್ಣಿಗೆ ಅದು ಗಟ್ಟಿಯಾದ, ಸಮತಲದ ಕಲ್ಲು. ದೇವಿಗೆ ಒಳ್ಳೆಯ ಪೀಠ ಆಗುತ್ತದೆಂದು ಭಕ್ತಿಯಿಂದಲೇ ತಂದ. ದೇವಿಯ ಕಾಲ ಕೆಳಗೆ ಇದ್ದದ್ದರಿಂದಲೇ ಅದು ಯಾರ ಮನೆಯ ಮೆಟ್ಟಿಲೂ ಆಗದೆ, ಒಡೆಯದೆ ಉಳಿಯಿತು. ಕಲಬುರಗಿಯ ಗುಮ್ಮಟಗಳೂ ವಸ್ತುಸಂಗ್ರಹಾಲಯದ ಉಪಯೋಗಕ್ಕೆ ಬಂದದ್ದರಿಂದ ಬಾವಲಿಗಳ ಪಾಲಾಗದೆ ಉಳಿದಿವೆ. ಈಗ ಆ ಚಪ್ಪಡಿ ಯಾರದು? ಕೆತ್ತಿಸಿದ ಬೌದ್ಧ ದೊರೆಯದೇ, ಕಾಪಾಡಿದ ದೇವಿಯದೇ, ಓದಿದ ವಿದ್ವಾಂಸರದೇ? ಮೊಮ್ಮಗಳಿಗೆ ಈ ಕಥೆ ಹೇಳಿದಾಗ ಅವಳು ಯಾರದೆಂದು ಕೇಳಲಿಲ್ಲ. ಹೋದ ಅಕ್ಷರಗಳಲ್ಲಿ ಏನಿತ್ತೆಂದು ಕೇಳಿದಳು. ಬೇರೆ ಊರುಗಳ ಬಂಡೆಗಳ ಮೇಲೂ ಅದೇ ಶಾಸನ ಇರುವುದರಿಂದ ಅದನ್ನು ಬಹುಮಟ್ಟಿಗೆ ಊಹಿಸಬಹುದು ಎಂದೆ. ಅವಳಿಗೆ ಅದು ಗುಮ್ಮಟಕ್ಕಿಂತ ಹೆಚ್ಚು ಆಶ್ಚರ್ಯ ಹುಟ್ಟಿಸಿತು.

ಎರಡು ದಿನ ಬಿಟ್ಟು, ಬಿಸಿಲೇರುವ ಮೊದಲೇ, ಊರ ಪಕ್ಕದ ವಿಭೂತಿಹಳ್ಳಿಗೆ ಹೋದೆವು. ಶಹಾಪುರದ ದಾರಿಗಳಿಂದ ನೋಡಿದರೆ ಗುಡ್ಡದ ಸಾಲು ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಹಣೆ, ಮೂಗು, ಎದೆ ಎಲ್ಲ ಇವೆ. ಅದಕ್ಕೆ ಶಿಲ್ಪಿಯಿಲ್ಲ, ಟಿಕೇಟಿಲ್ಲ. ವಿಭೂತಿಹಳ್ಳಿಯ ಕಲ್ಲುಗಳಿಗೆ ಮಾತ್ರ ಮನುಷ್ಯರ ಕೈ ತಾಗಿದೆ. ಬಯಲಿನಲ್ಲಿ ಗುಂಡುಗಲ್ಲುಗಳನ್ನು ಲೆಕ್ಕ ಹಾಕಿ ಸಾಲು ಸಾಲಾಗಿ ಇಟ್ಟಿದ್ದಾರೆ. ನೇರ ನೋಡಿದರೂ ಸಾಲು, ಓರೆಯಾಗಿ ನೋಡಿದರೂ ಸಾಲು. ಬೃಹತ್ ಶಿಲಾಯುಗದವರ ಕೆಲಸ. ಸತ್ತವರ ನೆನಪಿಗೆ ಇಟ್ಟದ್ದೆಂದು ಕೆಲವರು, ಸೂರ್ಯ ಹುಟ್ಟುವ ದಿಕ್ಕು ಋತುವಿಗೆ ತಕ್ಕಂತೆ ಸರಿಯುವುದನ್ನು ಗುರುತಿಸಲು ಇಟ್ಟದ್ದೆಂದು ಇನ್ನು ಕೆಲವರು ಹೇಳುತ್ತಾರೆ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಥಳಗಳಲ್ಲಿ ಇದೂ ಒಂದು. ಹುಡುಗ ಓರೆಸಾಲು ಹಿಡಿದು ಓಡಿದ, ಮೊಮ್ಮಗಳು ನೇರಸಾಲು ಹಿಡಿದು ಓಡಿದಳು. ಎಲ್ಲಿ ಕೂಡುತ್ತಾರೆಂದು ನೋಡುವ ಆಟ.

ಈ ಕಲ್ಲುಗಳ ಬಗ್ಗೆ ಮೊದಲು ಬರೆದು ಹೊರಜಗತ್ತಿಗೆ ತಿಳಿಸಿದವನು ಮೆಡೋಸ್ ಟೇಲರ್. ಸುರಪುರದ ಜನರಿಗೆ ಅವನ ಪರಿಚಯ ಹೇಳಬೇಕಿಲ್ಲ. ಹದಿನೈದರ ಹರೆಯದಲ್ಲಿ ಹಡಗು ಹತ್ತಿ ಬಂದು ನಿಜಾಮರ ಸೇವೆಗೆ ಸೇರಿದವನು 1841ರಿಂದ 1853ರವರೆಗೆ, ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ, ಸುರಪುರದ ಆಡಳಿತ ನೋಡಿದ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವನದೇ. ಅವನ ಹೆಂಡತಿ ಮೇರಿ, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು. ಪಾಮರನ ತಾಯಿ ಫೈಜ್ ಬಕ್ಷ್ ಬೇಗಂ. ಯಾರು ಯಾರವರು ಎಂದು ಕೇಳಹೊರಟರೆ ಟೇಲರನ ಮನೆಯಲ್ಲೇ ದಾರಿ ತಪ್ಪುತ್ತದೆ. ಅವನು ಸಾಕಿ ಬೆಳೆಸಿದ ಆ ರಾಜನೇ 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದು, ಸೆರೆಸಿಕ್ಕು, ಸಣ್ಣ ವಯಸ್ಸಿನಲ್ಲೇ ಸತ್ತ. ಅದು ಬೇರೆಯೇ ಬರೆಯಬೇಕಾದ ಕಥೆ.

ಇಲ್ಲಿ ನನಗೆ ಬೇಕಾದದ್ದು ಟೇಲರ್ ನೋಡಿದ ಬಗೆ. ಅವನು ವಿಭೂತಿಹಳ್ಳಿ, ರಾಜನಕೋಳೂರು, ಹಗರಟಗಿ, ಜೇವರ್ಗಿಗಳ ಕಲ್ಲುಗೋರಿಗಳನ್ನು ಅಳೆದ, ಕೆಲವನ್ನು ಅಗೆಸಿದ. ಅಗೆದ ಗುಂಡಿಯಲ್ಲಿ ಯಾವ ಪದರದಲ್ಲಿ ಮಣ್ಣಿತ್ತು, ಎಲ್ಲಿ ಗಡಿಗೆಯಿತ್ತು, ಎಲ್ಲಿ ಎಲುಬಿತ್ತು ಎಂದು ಒಂದೊಂದನ್ನೂ ಬಿಡಿಸಿಟ್ಟ. ಆದರೆ ಯಾರದು ಎಂಬ ಪ್ರಶ್ನೆ ಬಂದಾಗ ಎಡವಿದ. ತನ್ನ ಕಡೆಯ ದೇಶಗಳಲ್ಲೂ ಇಂಥ ಕಲ್ಲುಗೋರಿಗಳಿದ್ದುದನ್ನು ತಿಳಿದಿದ್ದರಿಂದ, ಇವೂ ಕೆಲ್ಟರದೋ ಸಿಥಿಯನ್ನರದೋ ಇರಬೇಕೆಂದು ಬರೆದ. ಇಂದು ಆ ಮಾತನ್ನು ಯಾರೂ ನಂಬುವುದಿಲ್ಲ. ಅವನ ಅಳತೆ, ಅವನ ನಕ್ಷೆಗಳನ್ನು ಮಾತ್ರ ಇಂದಿಗೂ ಬಳಸುತ್ತಾರೆ. ಏನಿದೆ ಎಂದು ನೋಡಿದ್ದು ಉಳಿಯಿತು, ಯಾರದು ಎಂದು ಹೇಳಿದ್ದು ಉದುರಿತು. ಅವನು ಕಡುಜಾಣ. ಅವನಿಗೇ ಹೀಗಾದರೆ, ನೋಡುವ ಮೊದಲೇ ಯಾರದೆಂದು ತೀರ್ಮಾನಿಸುವ ನಮ್ಮ ಗತಿ ಏನು?

ಮಕ್ಕಳು ಓಡಾಡುತ್ತಿದ್ದಾಗ ಪಕ್ಕದ ಹೊಲದವರೊಬ್ಬರು ಬಂದು ಬೇವಿನ ನೆರಳಿಗೆ ಕುಳಿತರು. ಬೀಡಿ ಹಚ್ಚಿ ನಕ್ಕು ಕೇಳಿದರು: "ಏನ್ರಿ ಸಾಹೇಬ್ರ, ಕಲ್ಲು ನೋಡ್ಲಾಕ ಬಂದೀರೇನು?" ಹೌದೆಂದೆ. "ಈ ಕಲ್ಲಿಗಿ ಬೋರ್ಡ್ ಅದ, ಕಾಯ್ದೆ ಅದ. ನಾ ನನ್ನ ಹೊಲದಾಗ ಒಂದು ಕ್ವಾಣಿ ಕಟ್ತೀನಂದ್ರ ಹತ್ತು ಕಡಿ ಕೇಳ್ಬೇಕು. ಸತ್ತವರ ಕಲ್ಲಿಗಿ ಇದ್ದದ್ದು ಬದುಕಿದವರಿಗಿ ಇಲ್ಲ ನೋಡ್ರಿ."

ಅವರ ಮಾತು ಸುಳ್ಳಲ್ಲ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ಅದರಾಚೆಯ ಇನ್ನೂರು ಮೀಟರಿನಲ್ಲಿ ಅನುಮತಿ ಬೇಕು. ಕಾಯ್ದೆ ಬೇಕು ಎನ್ನುವವನೇ ನಾನು. ಇಲ್ಲದಿದ್ದರೆ ಈ ಕಲ್ಲುಗಳು ಎಂದೋ ಬದುವಾಗಿ, ಪಾಯವಾಗಿ ಹೋಗಿರುತ್ತಿದ್ದವು. ಆದರೆ ಕಾಪಾಡುವುದರ ಭಾರವನ್ನು ಪಕ್ಕದ ಹೊಲದವರು ಹೊರುವುದು, ನೋಡುವ ಸಂತೋಷವನ್ನು ದೂರದಿಂದ ಬಂದ ನನ್ನಂಥವರು ಪಡೆಯುವುದು, ಇದು ಯಾವ ನ್ಯಾಯ? "ಈ ಕಲ್ಲು ಏನಂತ ನಿಮಗೆ ಯಾರರ ಬಂದು ಹೇಳ್ಯಾರೇನ್ರಿ?" ಎಂದು ಅವರನ್ನು ಕೇಳಿದೆ. "ಮುಟ್ಟಬ್ಯಾಡ ಅಂತ ಹೇಳ್ಯಾರ. ಏನಂತ ಹೇಳಿಲ್ಲ" ಎಂದರು. ನನಗೆ ತಿಳಿದಷ್ಟನ್ನು, ಸೂರ್ಯನ ಲೆಕ್ಕವನ್ನು, ಹೇಳಿದೆ. ಬೀಡಿ ಆರಿಸಿ ಎದ್ದು ನಿಂತು ಒಂದು ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದರು. "ನಮ್ಮಪ್ಪ ಕಾರ್ಹುಣ್ಣಿಮಿ ಮುಂದ ಹೊತ್ತು ಆ ಗುಡ್ಡದ ಕಡಿಗಿ ಸರಿತದ ಅಂತಿದ್ದ" ಎಂದು ಕೈ ತೋರಿಸಿದರು. ಅವರ ಮಾತನ್ನು ಮೊಮ್ಮಗಳು ಬರೆದುಕೊಂಡಳು.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 52ರ ಒಳಗೇ ಇತ್ತು, ರಾಜ್ಯದಲ್ಲೇ ಕಡಿಮೆ. ಇಂಥ ಜಿಲ್ಲೆಯಲ್ಲಿ ಕುಳಿತು ವಸ್ತುಸಂಗ್ರಹಾಲಯದ ಮಾತಾಡುವುದು ಹೊಟ್ಟೆ ತುಂಬಿದವರ ಚಾಳಿ ಎಂದು ನನ್ನ ಗೆಳೆಯರೊಬ್ಬರು ಹಂಗಿಸುತ್ತಾರೆ. ಮೊದಲು ಅನ್ನ, ನೀರು, ಶಾಲೆ. ಆಮೇಲೆ ಕಲ್ಲು, ಚಿತ್ರ. ಆ ಮಾತಿನ ಬಿಸಿಯನ್ನು ಹುಣಸಗಿಗೆ ಹೋದ ದಿನ ಕಂಡೆ.

ಹುಣಸಗಿ, ಬೈಚಬಾಳ ಕಣಿವೆಗಳ ಹೆಸರು ನಮ್ಮ ಜಿಲ್ಲೆಯವರಿಗಿಂತ ಹೊರದೇಶದ ವಿದ್ವಾಂಸರಿಗೆ ಹೆಚ್ಚು ಪರಿಚಿತ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ಇಲ್ಲಿಯ ಹಳ್ಳ, ಹೊಲಗಳಲ್ಲಿ ನಡೆದಾಡಿ ಆದಿ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. ಹುಣಸಗಿಯ ಬಳಿಯ ಇಸಾಂಪುರದಲ್ಲಿ 1990ರ ದಶಕದ ಕೊನೆಯಲ್ಲಿ ನಡೆದ ಅಗೆತದಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ ಕೈಗೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಕಾರ್ಖಾನೆ ಎನ್ನಿ. ಅಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ, ಅದು ಸುಮಾರು 12 ಲಕ್ಷ ವರ್ಷ ಹಳೆಯದೆಂದು 2002ರಲ್ಲಿ ಪ್ರಕಟಿಸಿದರು. ಮನುಷ್ಯರು ಇನ್ನೂ ನಮ್ಮ ಹಾಗೆ ಆಗಿರದ ಕಾಲ. ಧರ್ಮ, ಜಾತಿ, ಭಾಷೆ ಯಾವುದೂ ಇಲ್ಲದ ಕಾಲದ ಕೈಗೆಲಸ ನಮ್ಮ ಹೊಲದಲ್ಲಿದೆ. ಅತ್ತ ಬೂದಿಹಾಳದಲ್ಲಿ ಹೊಸ ಶಿಲಾಯುಗದ ದನಗಾಹಿಗಳ ಬೂದಿದಿಬ್ಬ. ಸಾವಿರಾರು ವರ್ಷಗಳ ಹಿಂದೆ ದೊಡ್ಡಿಯ ಸಗಣಿ ಗುಡ್ಡೆಯಾಗಿ, ಸುಟ್ಟು ಉಳಿದದ್ದು. ಅದನ್ನೂ ಪದ್ದಯ್ಯನವರೇ ಅಗೆದು ನೋಡಿದರು. ಇಲ್ಲಿಂದ ದೊರೆತದ್ದು ಅಧ್ಯಯನಕ್ಕೆಂದು ಪುಣೆಗೆ ಹೋಯಿತು.

ಅದೇ ಕಣಿವೆಗೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂತು. ಜೋಳ, ಸಜ್ಜೆ ಬೆಳೆಯುತ್ತಿದ್ದ ಉಬ್ಬುತಗ್ಗಿನ ಹೊಲಗಳನ್ನು ಭತ್ತಕ್ಕೆಂದು ಸಮ ಮಾಡಿದರು. ಹೊಲ ಸಮ ಮಾಡುವ ಯಂತ್ರಕ್ಕೆ 12 ಲಕ್ಷ ವರ್ಷದ ಕಲ್ಲೂ ನಿನ್ನೆಯ ಕಲ್ಲೂ ಒಂದೇ. ಎಷ್ಟೋ ನೆಲೆಗಳು ಹಾಗೆ ಅಳಿಸಿಹೋದವು. ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗಿತ್ತು. ಆದರೆ ಅಲ್ಲಿ ಹೋಗಿ ನಿಂತಾಗ ನಮ್ಮ ಹುಡುಗ ಹಸಿರು ನೋಡಿ, "ಸರ, ಈ ಊರಾಗ ಯಾರೂ ಬೆಂಗಳೂರಿಗಿ ಹೋಗಂಗಿಲ್ಲೇನ್ರಿ?" ಎಂದು ಕೇಳಿದ. ಯಾರೂ ಹೋಗುವುದಿಲ್ಲ ಎನ್ನಲಾರೆ. ಎಲ್ಲರ ಹೊಲಕ್ಕೂ ನೀರು ಮುಟ್ಟಿಲ್ಲ, ಎಲ್ಲರಿಗೂ ಹೊಲವಿಲ್ಲ. ಆದರೂ ನೀರೋ ಕಲ್ಲೋ ಎಂದು ಒಂದನ್ನೇ ಆರಿಸು ಎಂದರೆ ನಾನು ನೀರನ್ನೇ ಆರಿಸುತ್ತೇನೆ, ಎರಡನೆಯ ಮಾತಿಲ್ಲದೆ. ನನ್ನ ತಕರಾರು, ಆಯ್ಕೆಯನ್ನು ಹೀಗೆ ಮುಂದಿಟ್ಟವರ ಮೇಲೆ. ಕಾಲುವೆ ಬರುವ ಮೊದಲು ಊರಿನ ರೈತರಿಗೆ ಹತ್ತು ಕೈಗೊಡಲಿಗಳನ್ನು ತೋರಿಸಿ, ಇಂಥದ್ದು ಕಂಡರೆ ತೆಗೆದಿಡಿ ಎಂದು ಕನ್ನಡದಲ್ಲಿ ಹೇಳಲು ಎಷ್ಟು ಖರ್ಚಾಗುತ್ತಿತ್ತು? ವಿದ್ವಾಂಸರ ಬರಹಗಳು ಇಂಗ್ಲಿಷಿನಲ್ಲಿ ಬಂದವು. ಇಸಾಂಪುರದ ಮಕ್ಕಳ ಪಠ್ಯದಲ್ಲಿ ಈಜಿಪ್ಟಿನ ಪಿರಮಿಡ್ಡುಗಳಿಗೆ ಚಿತ್ರವಿತ್ತು.

ನಾನೇ ಪಾಠ ಮಾಡಿದವನು. ನಾನೂ ಪಿರಮಿಡ್ಡಿನ ಚಿತ್ರವನ್ನೇ ಹಲಗೆಯ ಮೇಲೆ ಬಿಡಿಸಿದ್ದೆ.

ಮರಳುವಾಗ ಸುರಪುರದಲ್ಲಿ ಇಳಿದೆವು. ಮೊಮ್ಮಗಳಿಗೆ ಕಲೆಯದೂ ಬೇಕಿತ್ತಲ್ಲ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಕಿರುಚಿತ್ರಗಳಿಗೆ ಪ್ರತ್ಯೇಕ ಶೈಲಿಯೆಂಬ ಹೆಸರೇ ಇದೆ. ಗರುಡಾದ್ರಿ ಮನೆತನದ ಚಿತ್ರಕಾರರು ಬಂಗಾರದ ರೇಕು ಬಳಸಿ, ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ದೇವರನ್ನು, ದೊರೆಗಳನ್ನು ಬರೆದರು. 1858ರಲ್ಲಿ ಸಂಸ್ಥಾನ ಹೋಯಿತು. 1860ರಲ್ಲಿ ಸೀಮೆ ನಿಜಾಮರ ಕೈಸೇರಿತು. ಆಶ್ರಯ ತಪ್ಪಿದ ಮೇಲೆ ಚಿತ್ರಗಳು ಊರು ಬಿಟ್ಟವು. ಗುಳೆ ಹೋಗುವುದು ನಮ್ಮ ಕಡೆ ಮನುಷ್ಯರಿಗೆ ಮಾತ್ರ ಬಂದದ್ದಲ್ಲ. ಮೊಮ್ಮಗಳಿಗೆ ನಾನು ತೋರಿಸಿದ್ದು ಒಂದು ಪುಸ್ತಕದಲ್ಲಿ ಅಚ್ಚಾದ ಚಿತ್ರ. ಗುಡ್ಡದ ಮೇಲೆ ಟೇಲರ್ ಮಂಜಿಲಿನ ಹೊರಗೆ ನಿಂತು, ಇಲ್ಲಿಯ ಚಿತ್ರವನ್ನು ಇಲ್ಲಿಯ ಮಕ್ಕಳು ಪುಸ್ತಕದಲ್ಲಿ ನೋಡಿದರು.

ಹೋದ ವಸ್ತುಗಳೆಲ್ಲ ಮರಳಿ ಬರಲಿ ಎನ್ನುವವರಿದ್ದಾರೆ. ನಾನು ಅಷ್ಟು ಗಟ್ಟಿಯಾಗಿ ಹೇಳಲಾರೆ. ಇಲ್ಲಿಯೇ ಇದ್ದಿದ್ದರೆ ಗೆದ್ದಲು ಎಷ್ಟನ್ನು ಬಿಡುತ್ತಿತ್ತು, ಮಾರಿಕೊಳ್ಳುವವರು ಎಷ್ಟನ್ನು ಬಿಡುತ್ತಿದ್ದರು? ಒಯ್ದವರಲ್ಲಿ ಕೆಲವರು ಕಾಪಾಡಿದರು ಎಂಬುದನ್ನು ಒಪ್ಪಬೇಕು. ಆದರೆ ಕಾಪಾಡಿದ ಮೇಲೂ ಒಂದು ಸಾಲ ಉಳಿಯುತ್ತದೆ. ಒಳ್ಳೆಯ ಅಚ್ಚಿನ ಪ್ರತಿಗಳು, ಮಣ್ಣಿನಲ್ಲಿ ಮಾಡಿದ ಕೈಗೊಡಲಿಯ ನಕಲು, ಕನ್ನಡದಲ್ಲಿ ನಾಲ್ಕು ಸಾಲಿನ ಫಲಕ. ಇಷ್ಟನ್ನು ಯಾದಗಿರಿಯಲ್ಲೋ ಸುರಪುರದಲ್ಲೋ ಒಂದು ಶಾಲೆಯ ಕೋಣೆಯಲ್ಲಿ ಬೇಸಿಗೆಯ ಒಂದು ತಿಂಗಳು ಇಟ್ಟರೂ ಆದೀತು. ಯಾದಗಿರಿಯ ಕೋಟೆಗುಡ್ಡ ಹತ್ತಿದರೆ ಮಸೀದಿ, ಗುಡಿ, ಬಾವಿ, ಫಿರಂಗಿ ಎಲ್ಲವೂ ಒಂದೇ ಬಿಸಿಲಿನಲ್ಲಿ ಕಾಣುತ್ತವೆ. ಹತ್ತಿದವರಿಗೆ ಏನು ನೋಡುತ್ತಿದ್ದೇವೆಂದು ಹೇಳುವವರು ಬೇಕು. ಯಾರೂ ಹೇಳದ ಕಡೆ ಕೂಗುವವರು ಬಂದು ಸೇರುತ್ತಾರೆ. ನೋಡಲು ಯಾರೂ ಕರೆಯದ ಮಗುವಿನ ಕಿವಿಗೆ ಮೊದಲು ಬೀಳುವುದು, ಇದು ನಮ್ಮದು, ಅದು ಅವರದು ಎಂಬ ಕೂಗು. ಕಸ್ತೂರಬಾ ರಸ್ತೆಯಲ್ಲಿ ಹೊರಗೆ ಕುಳಿತ ಹುಡುಗ ನೆನಪಾದಾಗಲೆಲ್ಲ ನನಗೆ ಆಗುವ ಭಯ ಅದೇ.

ಹುಣಸಗಿಯ ಹಳ್ಳದ ದಂಡೆಯಲ್ಲಿ ಹುಡುಗ ಒಂದು ಚೂಪು ಕಲ್ಲು ಎತ್ತಿಕೊಂಡಿದ್ದ. ಅದು ಮನುಷ್ಯರು ಮಾಡಿದ್ದೋ, ಹೊಳೆ ಮಾಡಿದ್ದೋ ಹೇಳುವಷ್ಟು ವಿದ್ಯೆ ನನಗಿಲ್ಲ. ಮನೆಗೆ ಒಯ್ಯಲೇ ಎಂದು ಕೇಳಿದ. ಎಲ್ಲಿ ಸಿಕ್ಕಿತೋ ಅಲ್ಲಿಯೇ ಇದ್ದರೆ ಮಾತ್ರ ತಿಳಿದವರಿಗೆ ಅದು ಏನೆಂದು ಗೊತ್ತಾಗುತ್ತದೆ ಎಂದೆ. ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ ಅದೇ ಜಾಗದಲ್ಲಿ ಇಟ್ಟ. ಇಟ್ಟ ಮೇಲೆ, "ಖರೇನ ಯಾರರ ಬರ್ತಾರೇನ್ರಿ?" ಎಂದು ಕೇಳಿದ.

ಅವನ ಕಾಕಾ ಮರುದಿನವೇ ಬಂದ. ಸಂಜೆ ಬಸ್ಸಿಗೆ ಹೊರಡುವ ಮುನ್ನ ಹುಡುಗ ನಮ್ಮ ಮನೆಗೆ ಬಂದು ಆ ವಿಮಾನವಿರುವ ಜಾಗದ ಹೆಸರನ್ನು ಚೀಟಿಯಲ್ಲಿ ಬರೆದುಕೊಡಿ ಎಂದ. ಮೊಮ್ಮಗಳು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಳು, ಕೆಳಗೆ ಕೆಂಪು ಕಟ್ಟಡದ ಹೆಸರನ್ನೂ ಸೇರಿಸಿದಳು. ಅವನು ಚೀಟಿಯನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು, ಬಾಗಿಲ ಬಳಿ ನಿಂತು ಕೇಳಿದ:

"ಸರ, ಒಳಗ ಹೋಗಾಕ ಆಧಾರ್ ಕಾರ್ಡ್ ಬೇಕೇನ್ರಿ?"

ಬೇಕಿಲ್ಲ ಎಂದೆ.